ಗಡಿಗೆಯಿಂದ ಪೀಪಾಯಿಗೆ

ನಮ್ಮೂರಿನ ಹೆಸರಿನಲ್ಲಿಯೇ ಒಂದು ಪಾತ್ರೆ ಅಡಗಿದೆ. ಹರಿವಾಣವೆಂದರೆ ಕನ್ನಡದಲ್ಲಿ ಅಗಲವಾದ ತಟ್ಟೆ. ‘ಪೆದ್ದ’ ಎಂಬುದು ತೆಲುಗಿನ ‘ದೊಡ್ಡ’. ಊರಿಗೆ ಆ ಹೆಸರು ಬಂದ ಬಗೆ ಏನೇ ಇರಲಿ, ‘ಪೆದ್ದಹರಿವಾಣಂ’ ಎಂದು ಹಲಗೆಯ ಮೇಲೆ ಓದಿದಾಗಲೆಲ್ಲ ಕನ್ನಡದ ಕಿವಿಗೆ ದೊಡ್ಡದೊಂದು ಪಾತ್ರೆಯ ನೆನಪಾಗುವುದು ಸಹಜ. ಪಾತ್ರೆ ಚಿಕ್ಕದಾಗಿದ್ದಾಗ ಏನಾಯಿತು, ದೊಡ್ಡದಾದಾಗ ಏನಾಯಿತು ಎಂಬುದೇ ಈ ಲೇಖನದ ವಸ್ತು. ಪಾತ್ರೆಯೊಳಗಣ ಪದಾರ್ಥ ಮಾತ್ರ ಸ್ವಲ್ಪ ಸಂಕೋಚ ಹುಟ್ಟಿಸುವಂಥದು. ಅದು ಧಾನ್ಯದಿಂದ ಮಾಡಿದ ಮದ್ಯ. ಇಂದು ಲೋಕವೆಲ್ಲ ಬಿಯರ್ ಎಂದು ಕರೆಯುವ ಪಾನೀಯ.

ವಿದ್ಯಾರ್ಥಿಗಳೂ ಓದುವ ಪತ್ರಿಕೆಯಲ್ಲಿ ಮದ್ಯದ ಮಾತು ಏಕೆ ಎಂದು ಸಹೋದ್ಯೋಗಿಗಳು ಕೇಳಬಹುದು. ಕುಡಿಯುವುದನ್ನು ಕಲಿಸುವ ಉದ್ದೇಶ ನನಗಿಲ್ಲ. ಆದರೆ ರಾಜ್ಯಗಳ ಬೊಕ್ಕಸ ತುಂಬಿದ್ದು, ಮಂತ್ರಿಮಂಡಲಗಳು ಉರುಳಿದ್ದು, ಹೆಂಗಸರು ಬೀದಿಗಿಳಿದದ್ದು ಇದೇ ಗಡಿಗೆಯ ಕಾರಣದಿಂದ. ಅಂಥ ವಸ್ತುವನ್ನು ಚರಿತ್ರೆಯ ಪಾಠದಿಂದ ಹೊರಗಿಟ್ಟರೆ ಪಾಠವೇ ಅರ್ಧವಾಗುತ್ತದೆ. ಮನೆಯಲ್ಲಿ ಒಂದು ಗಡಿಗೆಯಷ್ಟು ಮಾಡುತ್ತಿದ್ದುದನ್ನು ಹಬ್ಬಕ್ಕೋ ಮದುವೆಗೋ ಹತ್ತು ಗಡಿಗೆಯಷ್ಟು ಮಾಡಬೇಕಾದಾಗ, ಇದ್ದಷ್ಟೇ ಸಲಕರಣೆಯಲ್ಲಿ ಜನ ಅದನ್ನು ಹೇಗೆ ನಿರ್ವಹಿಸಿದರು? ಆಮೇಲೆ ಆ ದೊಡ್ಡ ಪಾತ್ರೆ ಯಾರ ಕೈಗೆ ಹೋಯಿತು? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕೋಣ.

ಮೊದಲು ನಮ್ಮ ಸೀಮೆಯ ಮಾತು. ಆದವಾನಿಯ ಸುತ್ತಣ ನೆಲ ಜೋಳ, ಸಜ್ಜೆ, ನವಣೆಗಳ ನೆಲ. ಇಲ್ಲಿ ಕುಡಿತಕ್ಕೆ ಹೆಸರಾದದ್ದು ಧಾನ್ಯದ ಮದ್ಯವಲ್ಲ, ಈಚಲುಮರದ ಕಳ್ಳು. ಕಳ್ಳಿಗೆ ಒಲೆ ಬೇಡ, ಕೊಪ್ಪರಿಗೆ ಬೇಡ. ಒಂದು ಕತ್ತಿ, ಒಂದು ಗಡಿಗೆ, ಮರ ಹತ್ತುವ ಧೈರ್ಯ ಇದ್ದರೆ ಸಾಕು. ರಸ ತಾನಾಗಿಯೇ ಹುದುಗುತ್ತದೆ. ಧಾನ್ಯವಾದರೋ ಹಾಗೆ ಸುಲಭವಾಗಿ ಒಲಿಯುವುದಿಲ್ಲ. ಅದರಲ್ಲಿರುವುದು ಪಿಷ್ಟ, ಸಕ್ಕರೆಯಲ್ಲ; ಪಿಷ್ಟವನ್ನು ಸಕ್ಕರೆಯಾಗಿಸಿದ ಹೊರತು ಯೀಸ್ಟಿನ ಕೆಲಸ ನಡೆಯದು. ನಮ್ಮ ಮನೆಗಳಲ್ಲಿ ಧಾನ್ಯವನ್ನು ಹುದುಗಿಸುವ ವಿದ್ಯೆ ಹುಳಿ ಅಂಬಲಿಯ ಮಟ್ಟಿಗೆ ನಿಂತಿತು. ರಾತ್ರಿ ಕಾಸಿಟ್ಟ ಜೋಳದ ಅಂಬಲಿ ಬೆಳಗಾಗುವಷ್ಟರಲ್ಲಿ ಹುಳಿಯಾಗುವುದೂ, ಹಳೆಯ ಗಡಿಗೆಯಲ್ಲಿ ಬೇಗ ಹುಳಿಯಾಗುವುದೂ, ಬೇಸಗೆಯಲ್ಲಿ ಕೆಟ್ಟೇಹೋಗುವುದೂ ನಮ್ಮ ಅಜ್ಜಿಯರಿಗೆ ತಿಳಿಯದ ಸಂಗತಿಗಳಲ್ಲ. ಅಂಬಲಿಯಲ್ಲಿ ಹುಳಿಯನ್ನು ಮಾಡುವ ಸೂಕ್ಷ್ಮಜೀವಿಗಳೇ ಬಿಯರಿನಲ್ಲಿ ಬೇಡದ ಅತಿಥಿಗಳು. ಬಿಯರ್ ಮಾಡುವವನ ಕಷ್ಟವೆಲ್ಲ ಆ ಅತಿಥಿ ಬರುವ ಮುನ್ನ ಯೀಸ್ಟಿಗೆ ಜಾಗ ಹಿಡಿಸಿಕೊಡುವುದರಲ್ಲಿಯೇ ಇದೆ.

ದೊಡ್ಡ ಪಾತ್ರೆಯ ತೊಡಕು ಹುಟ್ಟುವುದೂ ಇಲ್ಲಿಯೇ. ಇದನ್ನು ಎಂಟನೆಯ ತರಗತಿಯ ಗಣಿತದಿಂದ ತಿಳಿಯಬಹುದು. ಒಂದು ಮೊಳ ಅಗಲದ ದುಂಡು ಗಡಿಗೆಗೆ ಬದಲಾಗಿ ಎರಡು ಮೊಳ ಅಗಲದ ಗುಡಾಣವನ್ನು ತಂದರೆ ಅದರಲ್ಲಿ ಹಿಡಿಯುವ ನೀರು ಎರಡರಷ್ಟಲ್ಲ, 8ರಷ್ಟು. ಅದರ ಹೊರಮೈ ಮಾತ್ರ 4ರಷ್ಟೇ. ಬಿಸಿ ಹೊರಬೀಳುವುದು ಹೊರಮೈಯಿಂದಲಲ್ಲವೆ? ಆದುದರಿಂದ ದೊಡ್ಡ ಗುಡಾಣದಲ್ಲಿ ಕುದಿಸಿದ ರಸ ಬಹಳ ಹೊತ್ತು ಬೆಚ್ಚಗೆ ಉಳಿಯುತ್ತದೆ. ಕುದಿಯುವಾಗ ಯಾವ ಕ್ರಿಮಿಯೂ ತಲೆಯೆತ್ತದು, ಪೂರಾ ತಣ್ಣಗಾದ ಮೇಲೆ ಯೀಸ್ಟನ್ನು ಬಿಡಬಹುದು. ಇವೆರಡರ ನಡುವಣ ಉಗುರುಬೆಚ್ಚಗಿನ ಹೊತ್ತೇ ಅಪಾಯದ ಹೊತ್ತು. ಹುದುಗುವಾಗ ರಸವು ತಾನೇ ಕಾವನ್ನು ಹುಟ್ಟಿಸುತ್ತದೆಯಾದ್ದರಿಂದ ದೊಡ್ಡ ಪಾತ್ರೆಗೆ ಆ ಕಾವಿನ ಕಾಟವೂ ಹೆಚ್ಚು. ಬೇಸಗೆಯಲ್ಲಿ 40 ಡಿಗ್ರಿ ದಾಟುವ ನಮ್ಮಂಥ ಊರಿನಲ್ಲಿ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಂತ್ರವಿಲ್ಲದ ಕಾಲದ ಜನ ಇದಕ್ಕೆ ಕಂಡುಕೊಂಡ ಉಪಾಯ ಒಂದೇ: ಪಾತ್ರೆಯನ್ನು ಹಿಗ್ಗಿಸದೆ ಪಾತ್ರೆಗಳ ಸಂಖ್ಯೆಯನ್ನು ಹೆಚ್ಚಿಸುವುದು. ಹತ್ತು ಗಡಿಗೆಗಳಲ್ಲಿ ಒಂದು ಕೆಟ್ಟರೆ ಒಂಬತ್ತು ಉಳಿಯುತ್ತವೆ. ಹತ್ತು ಗಡಿಗೆಯಷ್ಟು ಹಿಡಿಯುವ ಒಂದೇ ಗುಡಾಣ ಕೆಟ್ಟರೆ ಏನೂ ಉಳಿಯದು. ಮಣ್ಣಿನ ಗಡಿಗೆಗೆ ಒದ್ದೆಬಟ್ಟೆ ಸುತ್ತಿ ಗಾಳಿಗಿಟ್ಟರೆ ನೀರು ಆರುವಾಗ ಕಾವನ್ನೂ ಒಯ್ಯುತ್ತದೆ. ಒಲೆ ಚಿಕ್ಕದಾದರೆ ಗಟ್ಟಿಯಾದ ರಸವನ್ನು ಸ್ವಲ್ಪದರಲ್ಲಿ ಕುದಿಸಿಕೊಂಡು, ಮುಂಚೆಯೇ ಕಾಯಿಸಿ ಆರಿಸಿಟ್ಟ ನೀರನ್ನು ಬೆರೆಸಿ ಅಳತೆಯನ್ನು ಹೆಚ್ಚಿಸಿಕೊಳ್ಳಬಹುದು. ಹಾಗೆ ಮಾಡಿದರೆ ತಣಿಸುವ ಕೆಲಸವೂ ಅರ್ಧ ಮುಗಿದಂತೆ. ಕಳೆದ ಸಲದ ಗಡಿಗೆಯ ತಳದಲ್ಲಿ ಕೂತ ಮಡ್ಡಿಯೇ ಮುಂದಿನ ಸಲದ ಹೆಪ್ಪು.

ಈ ವಿದ್ಯೆ ನಮ್ಮ ದೇಶದಲ್ಲಿ ಎಷ್ಟು ಹಳೆಯದೆಂಬುದಕ್ಕೆ ಸಾಕ್ಷಿ ಕನ್ನಡನಾಡಿನಿಂದಲೇ ಹೊರಬಿತ್ತು. ರುದ್ರಪಟ್ಟಣದ ಶಾಮಶಾಸ್ತ್ರಿಗಳು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ದೊರೆತ ತಾಳೆಗರಿಯಿಂದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಶೋಧಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಗೇ ಒಂದು ಅಧ್ಯಾಯ ಮೀಸಲಾಗಿದೆ. ಮೇದಕವೆಂಬ ಮದ್ಯಕ್ಕೆ ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, 3 ಪ್ರಸ್ಥ ಕಿಣ್ವ ಎಂದು ಅಲ್ಲಿ ಅಳತೆ ಹೇಳಿದೆ. ಒಂದು ದ್ರೋಣಕ್ಕೆ 16 ಪ್ರಸ್ಥಗಳಾದುದರಿಂದ 16 ಪಾಲು ನೀರಿಗೆ 2 ಪಾಲು ಅಕ್ಕಿ, 3 ಪಾಲು ಕಿಣ್ವವೆಂದಾಯಿತು. ಕಿಣ್ವಕ್ಕೆ ಉದ್ದು ಮತ್ತು ಅಕ್ಕಿಯೇ ಮುಖ್ಯವೆಂದು ಓದಿದಾಗ ನಮ್ಮ ಇಡ್ಲಿಯ ಹಿಟ್ಟು ನೆನಪಿಗೆ ಬಾರದೆ ಇರದು. ಅಳತೆಯನ್ನು ಪಾಲುಗಳಲ್ಲಿ ಹೇಳಿರುವುದರಿಂದ ಒಂದು ಗಡಿಗೆಗೂ ನೂರು ಗಡಿಗೆಗೂ ಅದೇ ಸೂತ್ರ ಸಲ್ಲುತ್ತದೆ.

ಅದೇ ಅಧ್ಯಾಯದಲ್ಲಿ ಇನ್ನೂ ಮುಖ್ಯವಾದ ಎರಡು ಮಾತುಗಳಿವೆ. ಸುರೆಗೂ ಕಿಣ್ವಕ್ಕೂ ಸಂಬಂಧಿಸಿದ ಕೈಗೆಲಸವನ್ನು ಹೆಂಗಸರು ಮಕ್ಕಳು ಮಾಡತಕ್ಕದ್ದೆಂಬುದು ಒಂದು. ಗೃಹಸ್ಥರು ಶುಭಕಾರ್ಯಗಳಲ್ಲಿ ಬಿಳಿಯ ಸುರೆಯನ್ನೂ ಔಷಧಕ್ಕಾಗಿ ಅರಿಷ್ಟವನ್ನೂ ತಾವೇ ಮಾಡಿಕೊಳ್ಳಬಹುದು, ಉತ್ಸವ ಜಾತ್ರೆಗಳಲ್ಲಿ 4 ದಿನಗಳ ಮಟ್ಟಿಗೆ ಅನುಮತಿ ಕೊಡಬೇಕು ಎಂಬುದು ಇನ್ನೊಂದು. ಮದ್ಯದ ಮೇಲೆ ಹದ್ದಿನ ಕಣ್ಣಿಟ್ಟಿದ್ದ ಕೌಟಿಲ್ಯನೂ ಮನೆಯ ಗಡಿಗೆಯನ್ನು ಪೂರಾ ಕಸಿದುಕೊಳ್ಳಲಿಲ್ಲ. ಅದಕ್ಕೊಂದು ಕಾಲ, ಒಂದು ಕಾರಣ, ಒಂದು ಮಿತಿಯನ್ನು ಇಟ್ಟ. ಈ ಮಾತನ್ನು ಓದುಗರು ಜ್ಞಾಪಕದಲ್ಲಿಡಬೇಕೆಂದು ಕೋರುತ್ತೇನೆ.

ನಮ್ಮಲ್ಲಿ ಅಂಬಲಿಯಲ್ಲೇ ನಿಂತ ಜೋಳ ಬೇರೊಂದು ಖಂಡದಲ್ಲಿ ಬಿಯರಾಯಿತು. ಜೋಳದ ತವರು ಆಫ್ರಿಕ. ಅಲ್ಲಿಯ ಬುರ್ಕಿನಾ ಫಾಸೋ ದೇಶದಲ್ಲಿ ‘ದೋಲೋ’ ಎಂಬ ಜೋಳದ ಬಿಯರನ್ನು ಇಂದಿಗೂ ಹೆಂಗಸರೇ ಮಾಡುತ್ತಾರೆ. ಜೋಳವನ್ನು ನೆನೆಸಿ, ಎರಡು ಮೂರು ದಿನ ಮೊಳೆಯಿಸಿ, ಬಿಸಿಲಿನಲ್ಲಿ ಒಣಗಿಸಿ ಬೀಸುತ್ತಾರೆ. ಎಳೆಯ ಜೋಳದ ಸಸಿ ದನಕ್ಕೆ ವಿಷವೆಂಬುದು ನಮ್ಮ ರೈತರಿಗೆ ಗೊತ್ತು. ಅದೇ ವಿಷದ ಅಂಶ ಮೊಳಕೆಯಲ್ಲಿಯೂ ಇರುತ್ತದೆ. ಒಣಗಿಸಿ ಬೇರು ಮೊಳಕೆಗಳನ್ನು ಉಜ್ಜಿ ತೆಗೆಯುವುದರಿಂದಲೂ ಹೊತ್ತುಗಟ್ಟಲೆ ಕುದಿಸುವುದರಿಂದಲೂ ಅದು ಬಹುಮಟ್ಟಿಗೆ ಕಳೆಯುತ್ತದೆ.

ಅವರ ಚಾತುರ್ಯ ಕಾಣುವುದು ಮುಂದಿನ ಹೆಜ್ಜೆಯಲ್ಲಿ. ಮೊಳಕೆಯಲ್ಲಿ ಪಿಷ್ಟವನ್ನು ಸಕ್ಕರೆ ಮಾಡುವ ಸತ್ತ್ವವೊಂದಿದೆ. ಅದು ಸುಮಾರು 65 ಡಿಗ್ರಿಯಲ್ಲಿ ಚುರುಕು, 70 ದಾಟಿದರೆ ಬೇಗ ಸಾಯುತ್ತದೆ. ಆದರೆ ಜೋಳದ ಪಿಷ್ಟ ಬೆಂದು ಮೆತ್ತಗಾಗುವುದೇ ಹೆಚ್ಚುಕಡಿಮೆ 70ರ ಆಸುಪಾಸಿನಲ್ಲಿ. ಬೇಯಿಸಿದರೆ ಸತ್ತ್ವ ಸಾಯುತ್ತದೆ, ಬೇಯಿಸದಿದ್ದರೆ ಪಿಷ್ಟ ಕರಗದು. ಆ ತಾಯಂದಿರು ಹಿಟ್ಟನ್ನು ನೀರಿನಲ್ಲಿ ಕದಡಿ ಸ್ವಲ್ಪ ಹೊತ್ತು ಬಿಟ್ಟು, ಮೇಲಿನ ತಿಳಿಯನ್ನು ಬೇರೆ ಗಡಿಗೆಗೆ ಬಗ್ಗಿಸಿಡುತ್ತಾರೆ. ಸತ್ತ್ವವೆಲ್ಲ ಆ ತಿಳಿಯಲ್ಲಿ ಉಳಿಯುತ್ತದೆ. ತಳದ ಗಟ್ಟಿಯನ್ನು ಬೇಯಿಸಿ, ಆಮೇಲೆ ತಣ್ಣನೆಯ ತಿಳಿಯನ್ನು ಅದಕ್ಕೆ ಬೆರೆಸುತ್ತಾರೆ. ಉಷ್ಣಮಾಪಕವಿಲ್ಲದೆ ಬೇಕಾದ ಕಾವು ದೊರೆಯುತ್ತದೆ. ನಮ್ಮ ಮಕ್ಕಳಿಗೆ ಇದನ್ನು ಲೆಕ್ಕವಾಗಿ ಕೊಡಬಹುದು: 100 ಡಿಗ್ರಿಯ ಕುದಿನೀರಿಗೆ 30 ಡಿಗ್ರಿಯ ಬಾವಿನೀರನ್ನು ಸಮಪಾಲು ಬೆರೆಸಿದರೆ ಬರುವುದು ಎಷ್ಟು? ಪಾತ್ರೆ ಹೀರುವ ಕಾವನ್ನು ಬಿಟ್ಟರೆ ಸರಿಯಾಗಿ 65. ಲಕ್ಷಗಟ್ಟಲೆ ರೂಪಾಯಿಯ ಯಂತ್ರ ಕಾಯುವ ಅಂಕಿಯೇ ಎರಡು ಗಡಿಗೆಗಳ ನಡುವೆ ಹುಟ್ಟಿತು.

ಹೆಚ್ಚಿನ ಪ್ರಮಾಣ ಬೇಕಾದಾಗಲೂ ಅವರು ಮಾಡುವುದು ಆಗಲೇ ಹೇಳಿದ ಉಪಾಯವನ್ನೇ. ಕೆಲವು ದೊಡ್ಡ ಮಣ್ಣಿನ ಗಡಿಗೆಗಳನ್ನು ಒತ್ತೊತ್ತಾಗಿ ಕೂರಿಸಿ, ಸುತ್ತ ಮಣ್ಣು ಮೆತ್ತಿ ಒಂದೇ ಒಲೆಯಾಗಿಸುತ್ತಾರೆ. ಸೌದೆಯ ಒಂದೇ ಉರಿ ಎಲ್ಲ ಗಡಿಗೆಗಳಿಗೂ ತಾಗುತ್ತದೆ. ರಸ ತಣಿದ ಮೇಲೆ ಹಿಂದಿನ ಸಲ ಒಣಗಿಸಿಟ್ಟ ಮಡ್ಡಿಯನ್ನು ಬೆರೆಸಿದರೆ ಒಂದು ರಾತ್ರಿಯಲ್ಲಿ ಹುದುಗುತ್ತದೆ. ಮಾರನೆಯ ದಿನವೇ ಅದು ಖರ್ಚಾಗಬೇಕು, ಕೂಡಿಟ್ಟರೆ ಹುಳಿಯಾಗುತ್ತದೆ. ಹೀಗೆ ವಸ್ತುವಿನ ಸ್ವಭಾವವೇ ಅದರ ವ್ಯಾಪಾರಕ್ಕೆ ಎಲ್ಲೆಯನ್ನು ಹಾಕಿತು.

ಇನ್ನು ಕನ್ನಡಿಗರ ರಾಗಿ. ಕನಕದಾಸರು ರಾಮಧಾನ್ಯಚರಿತೆಯಲ್ಲಿ ಹೊಗಳಿದ ಈ ಧಾನ್ಯದಿಂದ ಸಿಕ್ಕಿಂ, ಡಾರ್ಜಿಲಿಂಗ್ ಬೆಟ್ಟಗಳ ಜನ ಮದ್ಯವನ್ನು ಮಾಡುತ್ತಾರೆ. ಅವರಲ್ಲಿ ದೊಡ್ಡ ಹಂಡೆಯ ಪ್ರಶ್ನೆಯೇ ಏಳುವುದಿಲ್ಲ. ಬೆಂದ ರಾಗಿಯನ್ನು ಬಿದಿರ ಚಾಪೆಯ ಮೇಲೆ ಹರವಿ ಆರಿಸಿ, ‘ಮರ್ಚಾ’ ಎಂಬ ಒಣ ಹೆಪ್ಪಿನ ಬಿಲ್ಲೆಯನ್ನು ಪುಡಿಮಾಡಿ ಉದುರಿಸಿ, ಎಲೆ ಹಾಸಿದ ಬುಟ್ಟಿಯಲ್ಲಿ ಒಂದೆರಡು ದಿನ ಇಟ್ಟು, ಅನಂತರ ಗಡಿಗೆಗೆ ತುಂಬಿ ಬಾಯಿ ಮುಚ್ಚುತ್ತಾರೆ. ಕುಡಿಯುವ ಹೊತ್ತಿಗೆ ಬಿದಿರಿನ ಪಾತ್ರೆಗೆ ಆ ಕಾಳನ್ನು ಹಾಕಿಕೊಂಡು ಬಿಸಿನೀರು ಎರೆದು ಕೊಳವೆಯಿಂದ ಹೀರುತ್ತಾರೆ. ನೀರು ಕೊನೆಯಲ್ಲಿ ಸೇರುವುದರಿಂದ ಹುದುಗುವ ವೇಳೆ ಬೇಕಾದ ಜಾಗ ಬಹಳ ಕಡಿಮೆ. ಸಲಕರಣೆಯ ಕೊರತೆಯನ್ನು ಬುದ್ಧಿ ತುಂಬಿದ್ದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ.

ಇಷ್ಟು ಗಡಿಗೆಯ ಕಥೆ. ಪೀಪಾಯಿಯ ಕಥೆ ಬೇರೆ. ಕಬ್ಬಿಣ, ಕಲ್ಲಿದ್ದಲು, ಆವಿಯಂತ್ರಗಳು ಬಂದ ಮೇಲೆ ಯುರೋಪಿನಲ್ಲಿ ಪಾತ್ರೆ ಬೆಳೆಯತೊಡಗಿತು. ಎಷ್ಟು ಬೆಳೆಯಿತೆಂದರೆ 1814ರ ಅಕ್ಟೋಬರ್ 17ರಂದು ಲಂಡನ್ನಿನ ಕಾರ್ಖಾನೆಯೊಂದರಲ್ಲಿ 22 ಅಡಿ ಎತ್ತರದ ಮರದ ತೊಟ್ಟಿ ಒಡೆದು, ಬಿಯರ್ ಹೊಳೆಯಾಗಿ ಹರಿದು, ನೆರೆಯ ಬಡವರ ಮನೆಗಳಿಗೆ ನುಗ್ಗಿ 8 ಜನರನ್ನು ಬಲಿ ತೆಗೆದುಕೊಂಡಿತು. ಗಡಿಗೆ ಒಡೆದು ಸತ್ತವರನ್ನು ಯಾರೂ ಕೇಳಿಲ್ಲ. ಬಿಯರ್ ಕೆಡುವುದು ಏಕೆಂಬುದನ್ನು ಲೂಯಿ ಪಾಶ್ಚರ್ 1876ರಲ್ಲಿ ಅದನ್ನೇ ಕುರಿತು ಬರೆದ ಗ್ರಂಥದಲ್ಲಿ ವಿವರಿಸಿದ ಮೇಲೆ, ಶೀತಲಯಂತ್ರಗಳೂ ಜೊತೆಗೂಡಿ, ದೊಡ್ಡ ಪಾತ್ರೆಗಿದ್ದ ಅಡ್ಡಿ ಪೂರಾ ತೊಲಗಿತು. ಕನ್ನಡನಾಡಿಗೆ ಆ ಉದ್ಯಮ ಬಂದದ್ದು ಬ್ರಿಟಿಷ್ ಸೈನಿಕರ ಬಾಯಾರಿಕೆಯ ನಿಮಿತ್ತ. ಬೆಂಗಳೂರು, ನೀಲಗಿರಿಗಳ ಕಡೆಯ 5 ಚಿಕ್ಕ ಕಾರ್ಖಾನೆಗಳನ್ನು ಥಾಮಸ್ ಲೀಶ್‌ಮನ್ ಎಂಬಾತ 1915ರಲ್ಲಿ ಒಂದುಗೂಡಿಸಿ ಯುನೈಟೆಡ್ ಬ್ರೂವರೀಸನ್ನು ಸ್ಥಾಪಿಸಿದ. ಆ ದಿನಗಳಲ್ಲಿ ಬಿಯರು ದೊಡ್ಡ ಪೀಪಾಯಿಗಳಲ್ಲಿ ಎತ್ತಿನ ಗಾಡಿ ಏರಿ ದಂಡುಗಳಿಗೆ ಹೋಗುತ್ತಿತ್ತು.

ಕಾರ್ಖಾನೆಗಿಂತ ಬಲವಾದ ಇನ್ನೊಂದು ಕೈ ಗಡಿಗೆಯ ಮೇಲೆ ಬಿದ್ದಿತ್ತು. ಅದು ಸರಕಾರದ ಕೈ. ‘ಅಬಕಾರಿ’ ಎಂಬ ಪಾರಸಿ ಮಾತಿಗೆ ಮೂಲದಲ್ಲಿ ನೀರಿನ ಕೆಲಸವೆಂದಷ್ಟೇ ಅರ್ಥ; ಆದರೆ ಆ ನೀರಿನಿಂದ ಸರಕಾರಕ್ಕೆ ಹರಿದದ್ದು ಹಣ. 1800ರಲ್ಲಿ ನಿಜಾಮನಿಂದ ಕಂಪನಿಗೆ ಬಂದ ದತ್ತಮಂಡಲದಲ್ಲಿ ನಮ್ಮ ಆದವಾನಿಯೂ ಸೇರಿತ್ತು. ಅಂದಿನಿಂದ 1953ರ ವರೆಗೆ ನಮ್ಮದು ಬಳ್ಳಾರಿಯೊಡನೆ ಮದ್ರಾಸ್ ಆಳ್ವಿಕೆಯ ಬದುಕು. 1886ರ ಮದ್ರಾಸ್ ಅಬಕಾರಿ ಕಾಯಿದೆಯ ಪ್ರಕಾರ ಅನುಮತಿಪತ್ರವಿಲ್ಲದೆ ಮದ್ಯ ಮಾಡುವುದು ಅಪರಾಧವಾಯಿತು. ಕಳ್ಳು ಇಳಿಸುವ ಮರಕ್ಕೂ ತೆರಿಗೆ ಬಿತ್ತು. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೆಂಬವನು ತನ್ನ ಕಸುಬನ್ನು ಹೆಸರಿನಲ್ಲಿಯೇ ಹೊತ್ತಿದ್ದ. ಅವನ ಕಸುಬಿನವರು ಈಗ ಗುತ್ತಿಗೆದಾರನ ಕೂಲಿಗಳಾದರು. ಕುಡಿತ ಕಡಮೆಯಾಗಲಿಲ್ಲ, ಅದರ ಲಾಭ ಕೈ ಬದಲಾಯಿಸಿತು, ಅಷ್ಟೆ.

ಇದು ನಮ್ಮೊಬ್ಬರ ಪಾಡಲ್ಲ. ಭಾರತೀಯರು ಬಹುಸಂಖ್ಯೆಯಲ್ಲಿ ನೆಲೆಸಿರುವ ದಕ್ಷಿಣ ಆಫ್ರಿಕದ ಡರ್ಬನ್ ನಗರದಲ್ಲಿ ಇದೇ ಆಟ ಇನ್ನೂ ಬಿಚ್ಚಾಗಿ ನಡೆಯಿತು. ಅಲ್ಲಿಯ ಆಫ್ರಿಕನ್ ಹೆಂಗಸರು ಮನೆಯಲ್ಲಿ ಜೋಳದ ಬಿಯರ್ ಮಾಡಿ ಸಂಸಾರ ತೂಗಿಸುತ್ತಿದ್ದರು. 1908ರಲ್ಲಿ ನಟಾಲಿನಲ್ಲಿ ಕಾಯಿದೆಯಾಗಿ, ಮರುವರ್ಷ ನಗರಸಭೆಯೇ ಆ ಬಿಯರನ್ನು ಮಾಡಿ ಮಾರುವ ಏಕಸ್ವಾಮ್ಯ ಪಡೆಯಿತು. ಮನೆಯ ಗಡಿಗೆ ಅಪರಾಧವಾಯಿತು, ನಗರಸಭೆಯ ಪೀಪಾಯಿ ನ್ಯಾಯವಾಯಿತು. ಬಂದ ಲಾಭದಿಂದ ಆಫ್ರಿಕನ್ನರನ್ನು ಆಳುವ ಖರ್ಚನ್ನೇ ನಿಭಾಯಿಸಿದರು. 1929ರಲ್ಲಿ ಜನ ಆ ಪಾನಗೃಹಗಳನ್ನು ಬಹಿಷ್ಕರಿಸಿದರು. 1959ರಲ್ಲಿ ಕೇಟೋ ಮ್ಯಾನರ್ ಬಡಾವಣೆಯ ಹೆಂಗಸರು ಅವುಗಳ ಮೇಲೆಯೇ ನುಗ್ಗಿದರು.

ನಮ್ಮ ಸೀಮೆಗೆ ಮರಳೋಣ. 1937ರಲ್ಲಿ ರಾಜಾಜಿಯವರು ಸೇಲಂ ಜಿಲ್ಲೆಯಲ್ಲಿ ಆರಂಭಿಸಿದ ಪಾನನಿಷೇಧ, ನಡುವೆ ಕುಂಟಿ, 1948ರಲ್ಲಿ ಮದ್ರಾಸ್ ಪ್ರಾಂತವನ್ನೆಲ್ಲ ವ್ಯಾಪಿಸಿತು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿಯಿಂದ ಬೇರ್ಪಟ್ಟು ಆಂಧ್ರ ರಾಜ್ಯಕ್ಕೆ ಸೇರಿದವು. ಮರುವರ್ಷ ನವೆಂಬರಿನಲ್ಲಿ ಆ ಹೊಸ ರಾಜ್ಯದ ಪ್ರಕಾಶಂ ಮಂತ್ರಿಮಂಡಲ ಉರುಳಿದ್ದು ಪಾನನಿಷೇಧದ ಪ್ರಶ್ನೆಯ ಮೇಲೆ, ಅದೂ ಒಂದೇ ಮತದ ಅಂತರದಲ್ಲಿ. ನಾವು ಕನ್ನಡಿಗರು ಹೊಸ ಮನೆಗೆ ಬಂದು ವರ್ಷ ತುಂಬಿದ ಸ್ವಲ್ಪದರಲ್ಲಿಯೇ ಕಂಡ ಮೊದಲ ರಾಜಕೀಯ ಬಿರುಗಾಳಿ ಕಳ್ಳಿನ ಗಡಿಗೆಯಿಂದಲೇ ಎದ್ದಿತ್ತು.

ಮುಂದೆ ನಿಷೇಧ ಸಡಿಲವಾಗಿ ಸಾರಾಯಿ ಊರೂರಿಗೂ ಪೊಟ್ಟಣಗಳಲ್ಲಿ ಬಂದಿತು. ಅದನ್ನು ತಡೆದದ್ದು ಹೆಂಗಸರು. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದಿಂದ ಹಬ್ಬಿದ ಚಳುವಳಿಗೆ ಉಪಾಧ್ಯಾಯರಾದ ನಮಗೆ ಹೆಮ್ಮೆ ತರುವ ಒಂದು ಹಿನ್ನೆಲೆಯಿದೆ. ಸಾಕ್ಷರತೆಯ ತರಗತಿಗಳಲ್ಲಿ ಅಕ್ಷರ ಕಲಿಯುತ್ತಿದ್ದ ಕೂಲಿ ಹೆಂಗಸರು ಕುಡಿತದ ಕೇಡನ್ನು ಕುರಿತ ಪಾಠವನ್ನು ಓದಿ, ಇದು ತಮ್ಮದೇ ಕಥೆಯೆಂದು ಎದ್ದು ನಿಂತರು. 1993ರ ಅಕ್ಟೋಬರ್ 1ರಿಂದ ಆಂಧ್ರದಲ್ಲಿ ಸಾರಾಯಿ ನಿಂತಿತು; 1995ರ ಜನವರಿಯಲ್ಲಿ ಪೂರ್ಣ ಪಾನನಿಷೇಧ ಬಂದು 1997ರಲ್ಲಿ ಸಡಿಲವಾಯಿತು. 2019ರಿಂದ 5 ವರ್ಷ ಸರಕಾರವೇ ಮದ್ಯದಂಗಡಿಗಳನ್ನು ನಡೆಸಿತು. 2024ರ ಅಕ್ಟೋಬರಿನಲ್ಲಿ ಅವು ಮತ್ತೆ ಖಾಸಗಿಯವರ ಪಾಲಾದವು.

ಡರ್ಬನ್ನಿನ ಹೆಂಗಸರು ಮಾಡಲು ಬಿಡಿರೆಂದು ಹೋರಾಡಿದರು, ನೆಲ್ಲೂರಿನ ಹೆಂಗಸರು ಮಾರಬೇಡಿರೆಂದು ಹೋರಾಡಿದರು. ಮೇಲುನೋಟಕ್ಕೆ ಇವು ಎದುರುಬದುರು ಮಾತುಗಳು. ಆಳವಾಗಿ ನೋಡಿದರೆ ಇಬ್ಬರೂ ಎದುರಿಸಿದ್ದು ಒಂದನ್ನೇ: ಮನೆಯ ಕೂಲಿಯ ಕಾಸು ತಮ್ಮ ಕಣ್ಣಿಗೆ ಕಾಣದ ದೊಡ್ಡ ಪಾತ್ರೆಯೊಂದಕ್ಕೆ ಹರಿದು ಹೋಗುವುದನ್ನು. ಮನೆಯ ಗಡಿಗೆ ನಿರಪರಾಧಿಯೆಂದು ನಾನು ಹೇಳುತ್ತಿಲ್ಲ. ಗಡಿಗೆಯ ಹೆಂಡ ಕುಡಿದೂ ಸಂಸಾರಗಳು ಹಾಳಾಗಿವೆ. ಆದರೆ ಮಾಡುವವಳ ಕಣ್ಣೆದುರಿಗೆ, ಹಬ್ಬದ ದಿನಕ್ಕೆಂದು, ಮರುದಿನ ಹುಳಿಯಾಗುವಂತೆ ಮಾಡಿದ್ದಕ್ಕೆ ಒಂದು ಕೊನೆಯಿರುತ್ತದೆ. ವರ್ಷವಿಡೀ ಮಾರಾಟವಾಗಲೇಬೇಕಾದ ಪೀಪಾಯಿಗೆ ಕೊನೆಯಿಲ್ಲ.

ಕೆಲವು ದೇಶಗಳು ಕೌಟಿಲ್ಯನ ಮಾತಿಗೆ ಸುತ್ತುಬಳಸಿ ಮರಳಿವೆ. ಇಂಗ್ಲೆಂಡಿನಲ್ಲಿ ಮನೆಯ ಬಳಕೆಗೆ ಬಿಯರ್ ಮಾಡಿಕೊಳ್ಳಲು ಬೇಕಾಗಿದ್ದ ಅನುಮತಿಪತ್ರವನ್ನು 1963ರಲ್ಲಿ ತೆಗೆದುಹಾಕಿದರು. ಅಮೆರಿಕದಲ್ಲಿ 1978ರ ಕಾಯಿದೆ ಒಬ್ಬರಿಗೆ ವರ್ಷಕ್ಕೆ 100 ಗ್ಯಾಲನ್, ಮನೆಗೆ 200 ಗ್ಯಾಲನ್ ಎಂದು ಮಿತಿ ಹಾಕಿ, ಮಾರುವುದನ್ನು ನಿಷೇಧಿಸಿ, ಮಾಡಿಕೊಳ್ಳುವುದಕ್ಕೆ ತೆರಿಗೆಯಿಲ್ಲವೆಂದಿತು. ನಮ್ಮಲ್ಲಿ 1968ರ ಆಂಧ್ರಪ್ರದೇಶ ಅಬಕಾರಿ ಕಾಯಿದೆಯಂತೆ ಅನುಮತಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಇದನ್ನು ವಿದ್ಯಾರ್ಥಿಗಳು ಮರೆಯಕೂಡದು.

ಹಾಗಾದರೆ ಈ ಚರಿತ್ರೆಯಿಂದ ನಮಗೇನು? ಸಲಕರಣೆ ಕಡಮೆಯೆಂಬುದು ಬುದ್ಧಿಗೆ ಕೊರತೆಯಲ್ಲವೆಂಬುದು ಒಂದು. ಪಾತ್ರೆ ಬೆಳೆದಂತೆ ಅದರ ಒಡೆತನ ಮನೆಯಿಂದ ದೂರವಾಗುತ್ತ ಹೋಗುತ್ತದೆ, ಅದಕ್ಕೆ ತೆರುವ ಬೆಲೆ ಮಾತ್ರ ಮನೆಯಲ್ಲೇ ಉಳಿಯುತ್ತದೆ ಎಂಬುದು ಇನ್ನೊಂದು. ಮಿತ್ರರು ತಮ್ಮ ತರಗತಿಯಲ್ಲಿ 65 ಡಿಗ್ರಿಯ ಲೆಕ್ಕವನ್ನೂ 8ಕ್ಕೆ 4ರ ಲೆಕ್ಕವನ್ನೂ ಅಂಬಲಿಯ ಗಡಿಗೆಯನ್ನೇ ಉದಾಹರಿಸಿ ಹೇಳಿಕೊಡಲಿ. ಸಂಜೆ ಮನೆಗೆ ಹೋದ ಮಕ್ಕಳು ಹರವಿ, ಗುಡಾಣ, ವಾಡೆ, ಕೊಪ್ಪರಿಗೆಗಳಲ್ಲಿ ಯಾವುದಕ್ಕೆ ಎಷ್ಟು ಹಿಡಿಯುತ್ತಿತ್ತು, ಯಾವುದನ್ನು ಯಾವುದಕ್ಕೆ ಬಳಸುತ್ತಿದ್ದರು ಎಂದು ಅಜ್ಜಿಯರನ್ನು ಕೇಳಿ ಬರೆದುಕೊಂಡು ಬರಲಿ. ಆ ಹೆಸರುಗಳು ಕನ್ನಡದವು. ಅವುಗಳೊಳಗಣ ವಿದ್ಯೆಯೂ ಕನ್ನಡದಲ್ಲಿಯೇ ಇದೆ. ಕೇಳಿ ಬರೆದಿಡುವವರಿಲ್ಲದಿದ್ದರೆ ಮಾತ್ರ ಅದು ಗಡಿಗೆಯೊಡನೆಯೇ ಒಡೆದುಹೋಗುತ್ತದೆ.